ಪುಣೆ ಗಿರಾಕಿಯಿಂದ 4 ಲಕ್ಷ ಬಾಕಿ, ಕರಾರಿನಲ್ಲಿ ‘ಪುಣೆಯಲ್ಲೇ ಆರ್ಬಿಟ್ರೇಶನ್’: ಹುಬ್ಬಳ್ಳಿಯಿಂದಲೇ ವಸೂಲಿಗೆ ದಾರಿ ಇದೆಯೇ?

ಗೋಕುಲ ರೋಡ್ ಲೇತ್:
ನಮಸ್ಕಾರ್ರಿ. ನಮ್ಮದು ಗೋಕುಲ ರೋಡ್‌ನ್ಯಾಗ ಸಣ್ಣ ಮಶೀನ್ ಶಾಪ್. ಪುಣೆ ಕಂಪನಿಗೆ ಪಂಪಿನ ಶಾಫ್ಟ್ ಕಳಿಸಿ 8 ತಿಂಗಳಾತು, 4 ಲಕ್ಷ ಬಂದಿಲ್ಲ. ಈಗ ಫೋನಿನ್ಯಾಗ ‘ಮಾಲು ಸರಿ ಇರಲಿಲ್ಲ’ ಅಂತಾರ, ಬರದು ಏನೂ ಕೊಟ್ಟಿಲ್ಲ. ಆರ್ಡರಿನ್ಯಾಗ 90 ದಿನದ ಉದ್ರಿ, ತಕರಾರಾದ್ರ ಪುಣೆಯಲ್ಲೇ ಆರ್ಬಿಟ್ರೇಶನ್ (ಕೋರ್ಟಿನ ಹೊರಗ ಪಂಚರ ತೀರ್ಪು) ಅಂತ ಐತಿ. ಉದ್ಯಮ್ (ಕೇಂದ್ರದ ಸಣ್ಣ ಉದ್ದಿಮೆ) ನೋಂದಣಿ 2021ರದ್ದು, ಆರ್ಡರ್ ಹೋದ ವರ್ಷದ್ದು. ಅಲ್ಲಿಗೇ ಹೋಗಬೇಕೇನ್ರಿ?

ಧಾರವಾಡ ವಕೀಲ:
ಹೋಗೋದು ಬ್ಯಾಡ್ರಿ. ಸಣ್ಣ ಉದ್ದಿಮೆಗಳಿಗಾಗಿ ಇರುವ 2006ರ ಎಂಎಸ್‌ಎಂಇಡಿ ಕಾಯ್ದೆಯ 18ನೇ ಕಲಂ ಪ್ರಕಾರ ಮಾಲು ಕೊಟ್ಟವರ ರಾಜ್ಯದ ಫೆಸಿಲಿಟೇಶನ್ ಕೌನ್ಸಿಲ್‌ಗೇ (ಬಾಕಿ ಹಣದ ತಕರಾರು ತೀರಿಸುವ ಸರ್ಕಾರಿ ಮಂಡಳಿ) ಅಧಿಕಾರ, ಗಿರಾಕಿ ದೇಶದ ಯಾವ ಮೂಲೆಯಲ್ಲಿದ್ದರೂ ಸರಿ. ಕರಾರಿನ ಆರ್ಬಿಟ್ರೇಶನ್ ಷರತ್ತು ಇದಕ್ಕೆ ಅಡ್ಡ ಬರುವುದಿಲ್ಲ ಎಂದು 2022ರ ಮಹಾಕಾಳಿ ಫುಡ್ಸ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆರ್ಡರಿಗೆ ಮೊದಲೇ ನೋಂದಣಿ ಆಗಿರುವುದು ನಿಮ್ಮ ದೊಡ್ಡ ಬಲ. ನೋಂದಣಿ ಆಮೇಲೆ ಆಗಿದೆ ಎಂಬ ಕಾರಣಕ್ಕೇ ಬಹಳಷ್ಟು ಅರ್ಜಿ ಬೀಳುತ್ತವೆ.

90 ದಿನ ಅಂತ ಬರೆದಿದ್ದರೂ ಕಾಯ್ದೆ ಒಪ್ಪುವುದು 45 ದಿನ ಮಾತ್ರ. ಮಾಲು ಮುಟ್ಟಿದ 15 ದಿನದೊಳಗೆ ಲಿಖಿತ ಆಕ್ಷೇಪ ಬರದಿದ್ದರೆ ಒಪ್ಪಿಕೊಂಡಂತೆಯೇ ಲೆಕ್ಕ. ಆದ್ದರಿಂದ ಅವರ ಸೀಲು-ಸಹಿ ಇರುವ ಡೆಲಿವರಿ ಚಲನ್ ಮೊದಲು ಹುಡುಕಿರಿ. ಅದಿಲ್ಲದಿದ್ದರೆ ಮುಟ್ಟಿದ ತಾರೀಖೇ ಜಗಳಕ್ಕೆ ಬೀಳುತ್ತದೆ. ಇ-ವೇ ಬಿಲ್, ಲಾರಿ ರಸೀದಿ ಜೋಡಿಸಿರಿ. ಕೇಂದ್ರ ಎಂಎಸ್‌ಎಂಇ ಸಚಿವಾಲಯದ ಪೋರ್ಟಲ್‌ನಲ್ಲಿ ಆರ್ಡರ್, ಬಿಲ್ ಹಾಕಿ ಅರ್ಜಿ ಸಲ್ಲಿಸಿರಿ.

ಕೌನ್ಸಿಲ್ ಮೊದಲು ರಾಜಿ ಸಂಧಾನ ಮಾಡುತ್ತದೆ, ಮುರಿದರೆ ಆರ್ಬಿಟ್ರೇಶನ್. ಗಿರಾಕಿ ಸಂಧಾನಕ್ಕೆ ಬರಲಿಲ್ಲ ಎಂದು ನೇರವಾಗಿ ಹಣ ಕೊಡಲು ಆದೇಶ ಮಾಡಿದರೆ ಅದು ಮುಂದೆ ನಿಲ್ಲುವುದಿಲ್ಲ. ಹಾಗಾಗಿ ‘ಸಂಧಾನ ವಿಫಲ, ಆರ್ಬಿಟ್ರೇಶನ್ ಆರಂಭ’ ಎಂದು ಕಡತದಲ್ಲಿ ಬರೆಸಿಕೊಳ್ಳಿ. ಗಿರಾಕಿ ತೀರ್ಪು ರದ್ದು ಮಾಡಿಸಲು ಕೋರ್ಟಿಗೆ ಹೋದರೆ ಮೊದಲು ತೀರ್ಪಿನ ಮೊತ್ತದ 75% ಠೇವಣಿ ಇಡಬೇಕು. ಸಾಮಾನ್ಯ ದಾವೆಯಲ್ಲಿ ಈ ರಕ್ಷಣೆ ಸಿಗುವುದಿಲ್ಲ.

ಗದಗ ಲೆಕ್ಕಪತ್ರ:
ಬಡ್ಡಿಯ ಲೆಕ್ಕ ಹಾಕಿಯೇ ನೋಟಿಸ್ ಕಳಿಸಿರಿ. ಇದೇ ಕಾಯ್ದೆಯ ಪ್ರಕಾರ ತಡವಾದ ಹಣಕ್ಕೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳಿಗೊಮ್ಮೆ ಚಕ್ರಬಡ್ಡಿ. ಬ್ಯಾಂಕ್ ದರ 6% ಎಂದುಕೊಂಡರೆ 18%: ನಿಮ್ಮ 4 ಲಕ್ಷ ಒಂದು ವರ್ಷದಲ್ಲಿ ಸುಮಾರು 4,78,000 ಆಗುತ್ತದೆ. ಜೊತೆಗೆ 180 ದಿನದೊಳಗೆ ಹಣ ಕೊಡದ ಗಿರಾಕಿ ಆ ಬಿಲ್ಲಿನ ಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್ (ಖರೀದಿಯ ತೆರಿಗೆಗೆ ಪಡೆದ ವಿನಾಯಿತಿ) ವಾಪಸ್ ಕಟ್ಟಬೇಕು. ಅವರ ಅಕೌಂಟೆಂಟ್‌ಗೆ ಇದನ್ನು ನೆನಪಿಸಿದರೆ ಮಾತುಕತೆಯ ಧಾಟಿಯೇ ಬೇರೆ.

ಇಲ್ಲಿ ಓದುವ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಸ್ಥರಿಗೊಂದು ಮಾತು: ಬರೀ ಕೊಂಡು ಮಾರುವವರಿಗೆ ಉದ್ಯಮ್ ಇದ್ದರೂ ಈ ಕೌನ್ಸಿಲ್ ದಾರಿ ಇಲ್ಲ. ಮಧ್ಯಮ ಉದ್ದಿಮೆಗೂ ಇಲ್ಲ, ಸೂಕ್ಷ್ಮ ಮತ್ತು ಸಣ್ಣವಕ್ಕೆ ಮಾತ್ರ. ಬಾಕಿ 3 ಲಕ್ಷ ದಾಟಿದ್ದರೆ ಅಂಥವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ದಾವೆ-ಪೂರ್ವ ಮಧ್ಯಸ್ಥಿಕೆಗೆ ಹೋಗಬೇಕು. ತುರ್ತು ತಡೆಯಾಜ್ಞೆ ಬೇಕಿಲ್ಲದಿದ್ದರೆ ಅದನ್ನು ಬಿಟ್ಟು ವಾಣಿಜ್ಯ ದಾವೆ ಹೂಡಲಾಗದು. ಎದುರಿನವರು ಬರದಿದ್ದರೆ ಅಲ್ಲಿಗೇ ಮುಗಿಯಿತು, ಮುಂದೆ ದಾವೆಯೇ.

ಗೋಕುಲ ರೋಡ್ ಲೇತ್:
ಭಾಳ ಉಪಕಾರ ಆತ್ರಿ. ಅವರು ರಾಜಿಗೆ ಬಂದ್ರ ಎಷ್ಟು ಬಿಡಬೇಕು?

ಧಾರವಾಡ ವಕೀಲ:
ಬಡ್ಡಿಯಲ್ಲಿ ಬಿಡ್ರಿ, ಅಸಲಿನಲ್ಲಿ ಬ್ಯಾಡ. ಕಂತು ಕೇಳಿದರೆ ಮೂರಕ್ಕಿಂತ ಹೆಚ್ಚು ಒಪ್ಪಬೇಡಿ. ಪ್ರತಿ ಕಂತಿಗೂ ತಾರೀಖು ಇರಲಿ, ಒಂದು ತಪ್ಪಿದರೂ ಬಿಟ್ಟ ಬಡ್ಡಿ ಸಮೇತ ಪೂರ್ತಿ ಬಾಕಿ ಕೊಡಬೇಕೆಂದು ಬರೆಸಿರಿ. ವಾಟ್ಸಾಪಿನಲ್ಲಿ ಒಪ್ಪಿ ಅರ್ಜಿ ಹಿಂಪಡೆಯಲೇಬೇಡಿ. ಕೌನ್ಸಿಲ್ ಮುಂದೆ ಇಬ್ಬರೂ ಸಹಿ ಮಾಡಿದ ರಾಜಿಪತ್ರಕ್ಕೆ ಆರ್ಬಿಟ್ರೇಶನ್ ತೀರ್ಪಿನಷ್ಟೇ ಬಲ, ಕಂತು ತಪ್ಪಿದರೆ ನೇರವಾಗಿ ಜಾರಿಗೆ ಹಾಕಬಹುದು.