ಹರಳು ಸೋಸಿ ತೆಗೆದ ಮೇಲೆ ಉಳಿಯೋ ದ್ರವಕ್ಕೆ ಏನಂತೀರಿ?

ಎಲ್ಲರಿಗೂ ನಮಸ್ಕಾರ. ಪಿಯುಸಿ ಮಕ್ಕಳಿಗೆ ಅಂತ ಕನ್ನಡದಲ್ಲಿ ಲ್ಯಾಬ್ ಟಿಪ್ಪಣಿ ಬರೀತಿದೀನಿ, ಸೋಸೋದು, ಬಸಿಯೋದು, ಬಟ್ಟಿ ಇಳಿಸೋದು ಇದಕ್ಕೆಲ್ಲ ತೊಂದರೆ ಇಲ್ಲ, ಮನೆಮಾತೇ ಸಾಕು. ಸಿಕ್ಕಿಹಾಕಿಕೊಂಡಿರೋದು ಒಂದೇ ಕಡೆ.

ಬೆಂಜೋಯಿಕ್ ಆಸಿಡ್ ಶುದ್ಧ ಮಾಡೋದು ತಗೊಳ್ಳಿ. ಅದು ಕುದಿಯೋ ನೀರಲ್ಲಿ ಚೆನ್ನಾಗಿ ಕರಗುತ್ತೆ, ತಣ್ಣೀರಲ್ಲಿ ಲೀಟರಿಗೆ ಮೂರೂವರೆ ಗ್ರಾಂ ಕೂಡ ಕರಗಲ್ಲ. ಹಾಗಾಗಿ ಬಿಸೀಲೇ ಕರಗಿಸಿ ಬಿಸೀಲೇ ಸೋಸ್ತೀವಿ, ಕಾಗದದ ಮೇಲೆ ಉಳಿದದ್ದು ಕಸ, ಕೆಳಗಿಳಿದ ದ್ರವ ನಮಗೆ ಬೇಕಾದ್ದು. ಅದು ನಿಧಾನಕ್ಕೆ ಆರಿದಾಗ ಹರಳು ಕಟ್ಟುತ್ತೆ, ಆಮೇಲೆ ಮತ್ತೆ ಸೋಸ್ತೀವಿ, ಈ ಸಲ ಎಲ್ಲ ಉಲ್ಟಾ, ಕಾಗದದ ಮೇಲಿರೋದೇ ಬೇಕಾದ್ದು, ನೀರಲ್ಲಿ ಕರಗೋ ಕಲ್ಮಶ ಎಲ್ಲ ಕೆಳಗಿನ ದ್ರವದಲ್ಲಿ. ಎರಡಕ್ಕೂ 'ಸೋಸಿದ ದ್ರವ' ಅಂತ ಬರೆದ್ರೆ ಮಕ್ಕಳು ಯಾವುದನ್ನ ಚೆಲ್ಲಬೇಕು ಅಂತ ಹೇಗೆ ತಿಳ್ಕೋಬೇಕು? ಈ ಎರಡನೇ ದ್ರವ ಹರಳಿಗೆ ಅಂಟ್ಕೊಂಡೇ ಒಣಗಿದ್ರೆ ಕಲ್ಮಶನೂ ಅಲ್ಲೇ ಉಳಿಯುತ್ತೆ, ಅದಕ್ಕೇ ಐಸ್ ನೀರಲ್ಲಿ ಸ್ವಲ್ಪ ತೊಳೀಬೇಕು. ತೊಳೀದೇ ಇದ್ರೆ ಒಣಗಿದ ಹರಳನ್ನ ಕಾಯಿಸಿ ಕರಗೋ ಬಿಂದು ನೋಡಿದಾಗ ಗೊತ್ತಾಗಿಬಿಡುತ್ತೆ, ಶುದ್ಧವಾದದ್ದು 122 ಡಿಗ್ರಿ ಹತ್ರ ಒಂದೇ ಸಲಕ್ಕೆ ಕರಗುತ್ತೆ, ಕಲ್ಮಶ ಇರೋದು ಅದಕ್ಕೂ ಮುಂಚೆ ಶುರುವಾಗಿ ಎಳೆದಾಡ್ತಾ ಕರಗುತ್ತೆ. ಹಾಗಾಗಿ ಎರಡನೇ ದ್ರವಕ್ಕೆ ಅದರದೇ ಹೆಸರು ಬೇಕೇ ಬೇಕು.

ಇಂಗ್ಲಿಷಲ್ಲಿ ಈ ದ್ರವಕ್ಕಿರೋ ಮದರ್ ಲಿಕರ್ ಅನ್ನೋ ಹೆಸರನ್ನ 'ಮಾತೃದ್ರಾವಣ' ಅಂತ ಮಾಡ್ಬಹುದು, ಆದ್ರೆ ಅದನ್ನ ಓದಿದ ಹುಡುಗನಿಗೆ ಏನೂ ಹೊಳೆಯಲ್ಲ ಅಂತ ನನ್ನ ಅನಿಸಿಕೆ. ಸಕ್ಕರೆ ಕಾರ್ಖಾನೇಲಿ ಹರಳು ಬೇರೆ ಮಾಡಿದ ಮೇಲೆ ಉಳಿಯೋದಕ್ಕೆ ಕಾಕಂಬಿ ಅಂತ ಎಷ್ಟು ಚೆನ್ನಾಗಿರೋ ಮಾತಿದೆ! ರಸಾಯನಶಾಸ್ತ್ರದ ಲೆಕ್ಕದಲ್ಲಿ ಎರಡೂ ಒಂದೇ. ಆದ್ರೆ ಕಾಕಂಬಿ ಅಂದ್ರೆ ಸಿಹಿ, ಮಂದ, ಕಪ್ಪು ಅಂತಲೇ ಮನಸ್ಸಿಗೆ ಬರೋದು, ತಿಳಿಯಾದ ನೀರಿಗೆ ಒಗ್ಗಲ್ಲ. 'ಹರಳುಳಿಕೆ' ಅಂತ ಒಂದು ಕಟ್ಟಿ ನೋಡಿದೆ, ಆದ್ರೆ ಅದನ್ನ ಕೇಳಿದ್ರೆ ಹರಳೇ ಉಳಿದ ಹಾಗೆ ಅನ್ಸುತ್ತೆ.

ಗೋಕರ್ಣದ ಹತ್ರ ಸಾಣಿಕಟ್ಟೆ ಕಡೆಯವರು ಯಾರಾದ್ರೂ ಇದೀರಾ? ಅಲ್ಲಿನ ಉಪ್ಪಿನ ಆಗರದಲ್ಲಿ ಉಪ್ಪು ಎಳೆದ ಮೇಲೆ ಮೆಗ್ನೀಸಿಯಂ ಲವಣಗಳಿರೋ ಕಹಿ ನೀರು ಉಳಿಯುತ್ತಲ್ಲ, ಅದಕ್ಕೆ ಕೆಲಸದವರು ಏನಂತಾರೆ? ಆ ಮಾತು ಸಿಕ್ಕಿದ್ರೆ ಅದನ್ನೇ ಟಿಪ್ಪಣಿಗೆ ಹಾಕ್ಕೋಬೇಕು ಅಂತಿದೀನಿ.