ಸೊಂಟನೋವಿಗೆ ಆಸ್ಟಿಯೋಪಥಿ ಕೈಚಿಕಿತ್ಸೆ: ಅಧ್ಯಯನಗಳು ತೋರಿಸಿರುವುದೇನು?

ವೀಣಾ, ಡಲ್ಲಾಸ್:
ಎರಡು ವರ್ಷಗಳಿಂದ ಸೊಂಟನೋವು ಅನುಭವಿಸುತ್ತಿರುವ ನಮ್ಮ ತಾಯಿ ಈಗ ನಮ್ಮೊಂದಿಗೆ ಇಲ್ಲಿದ್ದಾರೆ. ನಮ್ಮ ಕುಟುಂಬ ವೈದ್ಯರು ಎಂ.ಡಿ. ಅಲ್ಲ, ಡಿ.ಓ., ಅಂದರೆ ಸ್ನಾಯು, ಕೀಲುಗಳನ್ನು ಕೈಯಿಂದಲೇ ಒತ್ತಿ, ಎಳೆದು ಉಪಚರಿಸುವ ಆಸ್ಟಿಯೋಪಥಿಯನ್ನೂ ಕಲಿತ ವೈದ್ಯರು. ಕಳೆದ ವಾರ ಅವರು ಅಮ್ಮನನ್ನು ಅಂಗಾತ ಮಲಗಿಸಿ, ಮಡಚಿದ ಮೊಣಕಾಲನ್ನು ತಮ್ಮ ಅಂಗೈಗೆ ಎದುರಾಗಿ ಒತ್ತಿ ಹಿಡಿಯಲು ಹೇಳಿ, ಐದಾರು ಸೆಕೆಂಡಿನ ನಂತರ ಸಡಿಲ ಬಿಡಿಸಿ, ಕಾಲನ್ನು ಎದೆಯ ಕಡೆಗೆ ಇನ್ನಷ್ಟು ಬಾಗಿಸಿದರು. ನಾಲ್ಕು ಸಲ ಹೀಗೆ ಮಾಡಿದ ಮೇಲೆ ಅಮ್ಮ ಕೈಯೂರದೆ ಎದ್ದು ಕುಳಿತರು. ಆದರೆ ಎರಡು ದಿನಕ್ಕೆ ನೋವು ಮರಳಿತು. ಇನ್ನೂ ಐದು ಸಲ ಬರಬೇಕಂತೆ. ಇದಕ್ಕೆ ಗಟ್ಟಿಯಾದ ಪುರಾವೆ ಇದೆಯೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಶ್ರೀಧರ, ಫಿಸಿಯೋಥೆರಪಿಸ್ಟ್, ಮೈಸೂರು:
ವೀಣಾ ಅವರೇ, ಪುರಾವೆ ಇದೆ, ಆದರೆ ಅದು ಒಂದೇ ದಿಕ್ಕಿಗೆ ಬೊಟ್ಟು ಮಾಡುವುದಿಲ್ಲ. 1999ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 12 ವಾರಗಳ ನಂತರ ಕೈಚಿಕಿತ್ಸೆ ಪಡೆದವರೂ ಸಾಮಾನ್ಯ ಚಿಕಿತ್ಸೆ ಪಡೆದವರೂ ಹೆಚ್ಚುಕಡಿಮೆ ಒಂದೇ ಮಟ್ಟಿಗೆ ಚೇತರಿಸಿಕೊಂಡಿದ್ದರು. ಮೊದಲ ಗುಂಪಿಗೆ ಔಷಧ ಕಡಿಮೆ ಬೇಕಾಯಿತು, ಅಷ್ಟೆ. ಅಲ್ಲಿ ತೋರಿಕೆಯ ಚಿಕಿತ್ಸೆಯ (ನಿಜವಾದ ತಂತ್ರ ಬಳಸದೆ, ಚಿಕಿತ್ಸೆಯಂತೆ ಕಾಣುವ ಹಾಗೆ ಮಾತ್ರ ಮಾಡುವ) ಗುಂಪು ಇರಲಿಲ್ಲವಾದ್ದರಿಂದ, ಉಪಶಮನ ತಂತ್ರದಿಂದ ಬಂತೋ ವೈದ್ಯರ ಸ್ಪರ್ಶ ಮತ್ತು ಗಮನದಿಂದ ಬಂತೋ ಎಂಬುದನ್ನು ಬೇರ್ಪಡಿಸಲಾಗಲಿಲ್ಲ.

ಆ ಕೊರತೆಯನ್ನು ತುಂಬಿದ್ದು ನಿಮ್ಮ ಟೆಕ್ಸಾಸ್‌ನಲ್ಲೇ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನ. ದೀರ್ಘಕಾಲದ ಸೊಂಟನೋವಿನ 455 ಜನರಿಗೆ ಎಂಟು ವಾರಗಳಲ್ಲಿ ಆರು ಸಲ ನಿಜವಾದ ಅಥವಾ ತೋರಿಕೆಯ ಚಿಕಿತ್ಸೆ ನೀಡಲಾಯಿತು. ನೋವು ಶೇ. 30ರಷ್ಟಾದರೂ ತಗ್ಗಿದವರು ನಿಜವಾದ ಚಿಕಿತ್ಸೆಯ ಗುಂಪಿನಲ್ಲಿ ಶೇ. 63, ಇನ್ನೊಂದರಲ್ಲಿ ಶೇ. 46. ಇದು ಕಡೆಗಣಿಸುವಂಥ ಅಂತರವಲ್ಲ. ಆದರೆ ಏಳುವುದು, ಬಗ್ಗುವುದು, ನಡೆಯುವುದು ಮುಂತಾದ ದೈನಂದಿನ ಸಾಮರ್ಥ್ಯದಲ್ಲಿ ಎರಡೂ ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ.

2021ರಲ್ಲಿ ಫ್ರಾನ್ಸ್‌ನ 400 ಜನರ ಅಧ್ಯಯನ ಆ ಸಾಮರ್ಥ್ಯವನ್ನೇ ಮುಖ್ಯ ಅಳತೆಯಾಗಿ ಇಟ್ಟುಕೊಂಡಿತು. ಮೂರು ತಿಂಗಳಿಗೆ 100 ಅಂಕಗಳ ಮಾಪಕದಲ್ಲಿ ಸಿಕ್ಕ ಅಂತರ ಕೇವಲ 3.4, ರೋಗಿಯ ಬದುಕಿನಲ್ಲಿ ಅಷ್ಟು ಅಂತರ ಅನುಭವಕ್ಕೆ ಬರುವುದು ಕಷ್ಟವೆಂದು ಸಂಶೋಧಕರೇ ಹೇಳಿದ್ದಾರೆ. ನೋವಿನ ವಿಷಯದಲ್ಲಂತೂ ಗುಂಪುಗಳ ನಡುವೆ ಅಂತರವೇ ಇರಲಿಲ್ಲ ಎನ್ನಬಹುದು. ನನ್ನ ಒಲವು ಈ ಅಧ್ಯಯನದ ಕಡೆಗೇ ಹೆಚ್ಚು.

ಮಂಜುನಾಥ, ಸೇಂಟ್ ಲೂಯಿಸ್:
ಶ್ರೀಧರ ಅವರ ಮಾತನ್ನು ಬಹುಮಟ್ಟಿಗೆ ಒಪ್ಪುತ್ತೇನೆ, ಆದರೆ ಒಂದು ವ್ಯತ್ಯಾಸವನ್ನು ಮರೆಯಬಾರದು. ಫ್ರಾನ್ಸ್‌ನಲ್ಲಿ ಚಿಕಿತ್ಸೆ ಕೊಟ್ಟವರು ವೈದ್ಯರಲ್ಲದ ಆಸ್ಟಿಯೋಪಥರು, ಅಮೆರಿಕದ ಡಿ.ಓ.ಗಳಾದರೋ ಔಷಧ, ಶಸ್ತ್ರಚಿಕಿತ್ಸೆ ಎಲ್ಲದಕ್ಕೂ ಪರವಾನಗಿ ಉಳ್ಳ ಪೂರ್ಣ ವೈದ್ಯರು. ಇದಲ್ಲದೆ, ತೋರಿಕೆಯ ಚಿಕಿತ್ಸೆಯಲ್ಲೂ ಹಗುರವಾಗಿ ಕೈಯಿಟ್ಟು ಮುಟ್ಟುತ್ತಾರೆ. ನೊಂದ ದೇಹಕ್ಕೆ ಆ ಸ್ಪರ್ಶ ಸಂಪೂರ್ಣ ನಿಷ್ಕ್ರಿಯವೇ ಎಂಬ ಪ್ರಶ್ನೆ ನನ್ನನ್ನು ಕಾಡುತ್ತದೆ. ಔಷಧದ ಅಧ್ಯಯನದಲ್ಲಿ ಗುಳಿಗೆ ಕೊಡುವವರಿಗೂ ಅದು ಯಾವುದೆಂದು ತಿಳಿಯದಂತೆ ಮಾಡಬಹುದು. ಇಲ್ಲಿ ಕೈಯಾಡಿಸುವವರಿಗೆ ತಾವು ಏನು ಮಾಡುತ್ತಿದ್ದೇವೆಂದು ಗೊತ್ತೇ ಇರುತ್ತದೆ. ತಲೆಬುರುಡೆಯ ಮೂಳೆಗಳ ಸೂಕ್ಷ್ಮ ಚಲನೆಯನ್ನು ಬೆರಳಿನಿಂದ ಗುರುತಿಸುತ್ತೇವೆನ್ನುವ ಆಸ್ಟಿಯೋಪಥಿ ಶಾಖೆಯ ಮಾತು ಬೇರೆ. ಒಬ್ಬರು ಗುರುತಿಸಿದ್ದು ಇನ್ನೊಬ್ಬರ ಬೆರಳಿಗೆ ತಾಳೆಯಾಗುವುದಿಲ್ಲ, ಆ ಚಿಕಿತ್ಸೆಗೆ ದಯವಿಟ್ಟು ಒಪ್ಪಿಕೊಳ್ಳಬೇಡಿ.

ಶ್ರೀಧರ, ಮೈಸೂರು:
ಸ್ಪರ್ಶದ ಬಗ್ಗೆ ನೀವು ಹೇಳಿದ್ದು ಸರಿ. ಆದರೂ ಹಗುರವಾದ ಸ್ಪರ್ಶವೇ ಅಷ್ಟು ಕೆಲಸ ಮಾಡುವುದಾದರೆ, ವಿಶೇಷ ತಂತ್ರಕ್ಕೆ ದುಡ್ಡು ಕೊಡುವ ಕಾರಣ ಉಳಿಯುವುದಿಲ್ಲ. ವೀಣಾ ಅವರೇ, ತಾಯಿಯವರಿಗೆ ಮೂಳೆ ಸವಕಳಿ ಇದ್ದರೆ ಬೆನ್ನನ್ನು ರಭಸದಿಂದ ತಿರುಚುವ ವಿಧಾನ ಬೇಡವೆಂದು ಮೊದಲೇ ಹೇಳಿಬಿಡಿ. ಕಾಲು ಜೋಮು ಹಿಡಿದು ಬಲ ಕುಂದಿದರೆ ಅಥವಾ ಮೂತ್ರದ ಹಿಡಿತ ತಪ್ಪಿದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ನಡಿಗೆ, ವ್ಯಾಯಾಮಗಳನ್ನು ಯಾವ ಕಾರಣಕ್ಕೂ ನಿಲ್ಲಿಸಬೇಡಿ.

ವೀಣಾ, ಡಲ್ಲಾಸ್:
ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಐದರ ಬದಲು ಇನ್ನೆರಡು ಸಲ ಹೋಗಿ ನೋಡೋಣವೆಂದು ಅಮ್ಮನೂ ನಾನೂ ತೀರ್ಮಾನಿಸಿದ್ದೇವೆ. ನೋವಿನ ಅಂಕದ ಜೊತೆಗೆ, ಪೂಜೆಗೆ ನೆಲದ ಮೇಲೆ ಎಷ್ಟು ಹೊತ್ತು ಕೂರುತ್ತಾರೆ, ಬೆಳಿಗ್ಗೆ ಎಷ್ಟು ದೂರ ನಡೆಯುತ್ತಾರೆ ಎಂಬುದನ್ನೂ ಇಂದಿನಿಂದಲೇ ಬರೆದಿಡುತ್ತಿದ್ದೇನೆ.