ಗಾರ್ಮೆಂಟ್ಸ್ ಹೆಂಗಸರಿಗೆ ಕಿಟ್ ಕೊಡೋದಾ, ದುಡ್ಡು ಕೊಡೋದಾ?

ನಾಯಂಡಹಳ್ಳಿ ಗೆಳೆಯ (15 ಜೂನ್ 2021)
ಕೋವಿಡ್ ಲಾಕ್‌ಡೌನ್ ಸಡಿಲವಾಗಿ ನಿನ್ನೆಯಿಂದ ಬೆಂಗಳೂರಿನಲ್ಲಿ ಕಾರ್ಖಾನೆಗಳು ತೆರೆದಿವೆ. ಬೇರೆಯವಕ್ಕೆ ಅರ್ಧ ಜನ ಅಂದರೆ, ಗಾರ್ಮೆಂಟ್ಸ್‌ಗೆ ನೂರಕ್ಕೆ 30 ಮಾತ್ರ. ಉಳಿದವರು ಇನ್ನೂ ಮನೆಯಲ್ಲೇ. ನಮ್ಮ ಲೇಔಟಿನವರು ಸೇರಿ ಸ್ವಲ್ಪ ದುಡ್ಡು ಕೂಡಿಸಿದ್ದೇವೆ. ಅಕ್ಕಿ, ಬೇಳೆ, ಎಣ್ಣೆ ಕಿಟ್ ಅಂತ ಕೆಲವರು, ಕೈಗೆ ದುಡ್ಡು ಅಂತ ಕೆಲವರು. ಗೊತ್ತಿರುವವರು ಹೇಳಿ.

ಸವಿತಾ, ಪೀಣ್ಯ
ಸರ್, ನಾನು ಟೈಲರ್. ಕಾಲರ್ ಹಾಕುವ ಕೆಲಸ. ಅಕ್ಕಿ ಬೇಡ. ರೇಷನ್ ಬರುತ್ತಿದೆ, ಕೇಂದ್ರದ ಹೆಚ್ಚುವರಿ 5 ಕೆ.ಜಿ. ಕೂಡ ಬರುತ್ತಿದೆ. ಹೋದ ವರ್ಷ ಬಂದವರೆಲ್ಲ ಅಕ್ಕಿಯನ್ನೇ ತಂದರು. ಬಾಡಿಗೆ ಕೇಳಲು ಓನರ್ ಬಂದಾಗ ಅಕ್ಕಿ ಅಳೆದುಕೊಡಲು ಆಗುತ್ತಾ? ಗ್ಯಾಸ್, ಸಂಘದ ಕಂತು, ಮಗನ ಆನ್‌ಲೈನ್ ಕ್ಲಾಸಿಗೆ ರೀಚಾರ್ಜ್, ಎಲ್ಲಕ್ಕೂ ದುಡ್ಡೇ ಬೇಕು. ಇನ್ನೊಂದು, ಫೋಟೋ ತೆಗೆಯಬೇಡಿ.

ಕಾಮನ್ ಮ್ಯಾನ್
ಕೈಗೆ ದುಡ್ಡು ಕೊಟ್ಟರೆ ಅರ್ಧ ಗಂಡಂದಿರ ಬಾಟಲಿಗೆ ಹೋಗುತ್ತದೆ. ಕಿಟ್ ಆದರೆ ಮಕ್ಕಳ ಹೊಟ್ಟೆಗಾದರೂ ಸೇರುತ್ತದೆ.

ಸವಿತಾ, ಪೀಣ್ಯ
ನನ್ನ ಎಟಿಎಂ ಕಾರ್ಡ್ ನನ್ನ ಬ್ಲೌಸಿನಲ್ಲಿರುತ್ತದೆ ಅಣ್ಣ. ತಿಂಗಳಿಡೀ ದುಡಿದು ಸಂಸಾರ ನಡೆಸೋರಿಗೆ ದುಡ್ಡು ಹೇಗೆ ಖರ್ಚು ಮಾಡೋದು ಅಂತ ಗೊತ್ತಿದೆ.

ಮಂಡ್ಯ ಮೇಷ್ಟ್ರು
ಕಿಟ್ಟೇ ಬೇಡ ಅನ್ನಬೇಡಿ ತಾಯಿ. ಒಡಿಶಾ, ಜಾರ್ಖಂಡ್‌ನಿಂದ ಬಂದು ಹಾಸ್ಟೆಲ್‌ಗಳಲ್ಲಿರುವ ಹುಡುಗಿಯರ ರೇಷನ್ ಕಾರ್ಡ್ ಊರಲ್ಲಿ ಅಪ್ಪನ ಹೆಸರಿನಲ್ಲಿದೆ. ಅವರಿಗೆ ಕೊಡಿ. ನಮ್ಮ ಜಿಲ್ಲೆಗಂತೂ ಈ ಶೇಕಡಾ 30 ಕೂಡ ಇಲ್ಲ. ಲಾಕ್‌ಡೌನ್ ಮುಂದುವರಿದ 11 ಜಿಲ್ಲೆಗಳಲ್ಲಿ ಮಂಡ್ಯವೂ ಒಂದು. ಹೋದ ಜೂನ್‌ನಲ್ಲಿ ಶ್ರೀರಂಗಪಟ್ಟಣದ ಕಾರ್ಖಾನೆಯೊಂದು ಸುಮಾರು 1,200 ಜನರನ್ನು ಒಮ್ಮೆಗೇ ಲೇಆಫ್ ಮಾಡಿತು. ಹೆಂಗಸರು ಗೇಟಿನ ಮುಂದೆ ಧರಣಿ ಕೂತರು. ಮಾತುಕತೆ ಮುಗಿದು ಒಪ್ಪಂದ ಆಗುವಷ್ಟರಲ್ಲಿ ಈ ವರ್ಷ ಹುಟ್ಟಿತ್ತು. ಅಷ್ಟು ತಿಂಗಳು ಯಾವ ಕಿಟ್ ಸಾಕಾಗುತ್ತದೆ ಹೇಳಿ. ಲೇಔಟಿನವರು ಚಂದಾ ಎತ್ತುವ ಬದಲು ಮಾಲೀಕರು ಸಂಬಳ ಕೊಡಬೇಕಿತ್ತು. ಅದನ್ನು ಯಾರೂ ಕೇಳೋದಿಲ್ಲ.

ಸಣ್ಣ ಯೂನಿಟ್
ಸುಮ್ನೆ ಮಾಲೀಕರ ಮೇಲೆ ಹಾಕಬೇಡಿ ಮೇಷ್ಟ್ರೇ. ನಮ್ಮದು 80 ಜನರ ಎಕ್ಸ್‌ಪೋರ್ಟ್ ಯೂನಿಟ್. ಬಟ್ಟೆ, ದಾರ, ಗುಂಡಿ, ಕೂಲಿ, ಎಲ್ಲ ಮೊದಲು ನಮ್ಮ ಕೈಯಿಂದ. ಬೈಯರ್ ದುಡ್ಡು ಕೊಡೋದು ಮಾಲು ಹೋಗಿ ಎರಡು ಮೂರು ತಿಂಗಳಾದ ಮೇಲೆ. ಕಳೆದ ವರ್ಷ ಮಾರ್ಚ್‌ನಲ್ಲಿ ದೊಡ್ಡ ದೊಡ್ಡ ಬ್ರ್ಯಾಂಡ್‌ಗಳು ಹೊಲಿದು ಪ್ಯಾಕ್ ಆದ ಆರ್ಡರನ್ನೂ ಕ್ಯಾನ್ಸಲ್ ಮಾಡಿದವು. ಪ್ರಪಂಚವೆಲ್ಲ 'ಪೇ ಅಪ್', ಅಂದರೆ ದುಡ್ಡು ಕಟ್ಟಿ, ಅಂತ ಉಗಿದ ಮೇಲೆ ಕೆಲವರು ಕೊಟ್ಟರು. ಇತ್ತ ಸರ್ಕಾರ ಮಾರ್ಚ್ 29ಕ್ಕೆ ಪೂರ್ತಿ ಸಂಬಳ ಕೊಡಿ ಅಂತ ಆದೇಶ ಹೊರಡಿಸಿತು, ಮೇ 18ರಿಂದ ಅದನ್ನೂ ಹಿಂದಕ್ಕೆ ತಗೊಂಡಿತು. ತನ್ನ ಜೇಬಿನಿಂದ ಒಂದು ರೂಪಾಯಿ ಹಾಕಲಿಲ್ಲ.

ಪಿಎಫ್ ಗಿರೀಶ
ಅದು ಪೂರ್ತಿ ನಿಜ ಅಲ್ಲ ಸರ್. 100ರೊಳಗೆ ಕೆಲಸಗಾರರಿದ್ದು, ಅವರಲ್ಲಿ ಶೇಕಡಾ 90 ಜನರ ಸಂಬಳ 15,000ಕ್ಕಿಂತ ಕಡಿಮೆ ಇದ್ದರೆ, 2020ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಪಿಎಫ್‌ನಲ್ಲಿ ಮಾಲೀಕರದು, ಕೆಲಸಗಾರರದು ಎರಡೂ ಪಾಲನ್ನು, ಅಂದರೆ ಸಂಬಳದ ಶೇಕಡಾ 24ನ್ನು, ಕೇಂದ್ರವೇ ಕಟ್ಟಿತು. ನಿಮ್ಮಂಥ ಯೂನಿಟ್‌ಗೇ ಮಾಡಿದ್ದು ಅದು. ಸಾವಿರಾರು ಜನರಿರುವ ದೊಡ್ಡ ಗಾರ್ಮೆಂಟ್ಸ್‌ನವರಿಗೆ ಸಿಗಲಿಲ್ಲ.

ಸಣ್ಣ ಯೂನಿಟ್
ಪಿಎಫ್ ಕಟ್ಟಿದರು, ಒಪ್ಪಿದೆ. ಸಂಬಳ ಯಾರು ಕಟ್ಟಿದರು?

ಮಂಡ್ಯ ಮೇಷ್ಟ್ರು
ಸಂಬಳದ ವಿಷಯ ನೀವೇ ತೆಗೆದಿರಿ. ಕಳೆದ ವರ್ಷ ಏರಬೇಕಿದ್ದ ತುಟ್ಟಿಭತ್ಯೆ ತಿಂಗಳಿಗೆ 417 ರೂಪಾಯಿ 60 ಪೈಸೆ. ಮಾಲೀಕರ ಕಷ್ಟ ನೋಡಿ ರಾಜ್ಯ ಸರ್ಕಾರ ಜುಲೈನಲ್ಲಿ ಅದನ್ನು ಮುಂದೂಡಿತು. ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಆದರೂ ಎಷ್ಟೋ ಕಾರ್ಖಾನೆಗಳು ಇವತ್ತಿಗೂ ಕೊಟ್ಟಿಲ್ಲ. ಅದನ್ನು ಕೊಟ್ಟಿದ್ದರೆ ಎಷ್ಟೋ ಮನೆಗಳ ಗ್ಯಾಸ್ ಸಿಲಿಂಡರ್ ಖರ್ಚಿನ ಅರ್ಧ ನೀಗುತ್ತಿತ್ತು.

ನಾಯಂಡಹಳ್ಳಿ ಗೆಳೆಯ
ಜಗಳ ಬೇಡ. ರಾಜ್ಯದ ಪ್ಯಾಕೇಜ್‌ನಲ್ಲಿ ಟೈಲರ್‌ಗಳಿಗೆ 2,000 ರೂಪಾಯಿ ಇದೆ ಅಲ್ವಾ? ಅದಕ್ಕೆ ಅರ್ಜಿ ಹಾಕಿಸಿದರೆ?

ಪಿಎಫ್ ಗಿರೀಶ
ಅದು ಅಸಂಘಟಿತರಿಗೆ. ಬೀದಿ ಕೊನೆಯ ಅಂಗಡಿಯ ಟೈಲರ್‌ಗೆ ಸಿಗುತ್ತದೆ. ಕಾರ್ಖಾನೆಯಲ್ಲಿ ಅದೇ ಮಷೀನ್ ತುಳಿಯುವ ಸವಿತಕ್ಕನಿಗೆ ಪಿಎಫ್ ಇದೆ, ಕೆಲಸಗಾರರ ವಿಮೆ ಇಎಸ್‌ಐ ಇದೆ, ಹಾಗಾಗಿ ಸಂಘಟಿತ. ಸರಿ, ಸಂಘಟಿತ ಅಂತಾದರೆ ಆ ಲೆಕ್ಕದಲ್ಲಿ ಬರುವ ದುಡ್ಡನ್ನಾದರೂ ಕೊಡಿಸೋಣ. ನಿಮ್ಮ ಚಂದಾ ಎಷ್ಟು ಮನೆಗೆ ಆಗುತ್ತದೆ? ಕೆಲಸ ಕಳೆದುಕೊಂಡವರಿಗೆ ಇಎಸ್‌ಐನಲ್ಲಿ ಅಟಲ್ ಬೀಮಿತ್ ಯೋಜನೆ ಇದೆ. ಅರ್ಧ ಸಂಬಳ, 90 ದಿನದವರೆಗೆ. ಅರ್ಜಿಯನ್ನು ಕೆಲಸಗಾರರೇ ಹಾಕಬಹುದು. ಕೋವಿಡ್‌ನಿಂದ ತೀರಿಕೊಂಡವರ ಮನೆಗೆ ಈ ತಿಂಗಳು ಬಂದ ಹೊಸ ಯೋಜನೆಯಲ್ಲಿ ಸರಾಸರಿ ಕೂಲಿಯ ಶೇಕಡಾ 90 ಪಿಂಚಣಿ. ಹಿಂದಿನ ಒಂದು ವರ್ಷದಲ್ಲಿ 70 ದಿನದ ವಂತಿಗೆಯಾದರೂ ಇರಬೇಕು. ಪಿಎಫ್ ಜೊತೆಗಿನ ವಿಮೆ ಬೇರೆ. ಒಂದು ವರ್ಷ ಬಿಡದೆ ಕೆಲಸ ಮಾಡಿದ್ದರೆ ಕನಿಷ್ಠ ಎರಡೂವರೆ ಲಕ್ಷ, ಹೆಚ್ಚೆಂದರೆ 7 ಲಕ್ಷ. ನನ್ನ ಹತ್ತಿರ ಬಂದ ಮನೆಯವರಲ್ಲಿ ಹೆಚ್ಚಿನವರಿಗೆ ಇದು ಇದೆ ಅಂತಲೇ ಗೊತ್ತಿರಲಿಲ್ಲ. ಸ್ಯಾಲರಿ ಸ್ಲಿಪ್‌ನಲ್ಲಿ ಇಎಸ್‌ಐ ಅಂತ ಮುರಿದದ್ದು ಮಾತ್ರ ಗೊತ್ತು.

ಕಾಮನ್ ಮ್ಯಾನ್
ಕೋವಿಡ್ ಅಡ್ವಾನ್ಸ್ ಅಂತ ಪಿಎಫ್‌ನಿಂದಲೇ ತೆಗೆಯಬಹುದಲ್ಲ. ಎರಡನೇ ಸಲವೂ ಬಿಟ್ಟಿದ್ದಾರೆ.

ಸವಿತಾ, ಪೀಣ್ಯ
ಅದು ನಮ್ಮದೇ ದುಡ್ಡು ಅಣ್ಣ, ಸಹಾಯ ಹೇಗಾಗುತ್ತದೆ? 2016ರಲ್ಲಿ ಪಿಎಫ್ ಪೂರ್ತಿ ತೆಗೆಯೋಕೆ ಬಿಡಲ್ಲ ಅಂದಾಗ ಇದೇ ಹೆಂಗಸರು ಹೊಸೂರು ರೋಡ್ ತುಂಬಾ ಕೂತಿದ್ದು. ಕೇಂದ್ರ ಸರ್ಕಾರವೇ ಆ ನಿಯಮ ವಾಪಸ್ ತಗೊಂಡಿತು. ಮಗಳ ಮದುವೆಗೆ ಅಂತ ಇಟ್ಟಿದ್ದನ್ನು ಹೋದ ಸಲವೇ ಬಾಡಿಗೆಗೆ ತೆಗೆದೆ. ಈ ಸಲ ಮುಟ್ಟಲ್ಲ.
ಗಿರೀಶಣ್ಣ ಹೇಳಿದ್ದು ಚೆನ್ನಾಗಿದೆ, ಆದರೆ ಫ್ಲೋರಿನಲ್ಲಿ ನಡೆಯೋದೇ ಬೇರೆ. ನಿನ್ನೆ ಸೂಪರ್‌ವೈಸರ್ ಫೋನ್ ಮಾಡಿದ್ದು ಬೇಗ ಪೀಸ್ ಕೊಡೋರಿಗೆ ಮಾತ್ರ. ನಮ್ಮ ಲೈನಿನ ಬಾಣಂತಿಗೆ ಕರೆ ಬರಲಿಲ್ಲ. ಕ್ರೆಶ್ ಮುಚ್ಚಿದೆ, ಮಗು ಎಲ್ಲಿ ಬಿಡುತ್ತಾಳೆ? ಅವಳಿಗೆ ಹೇಳಿದ್ದು ಇಷ್ಟೇ: ರಾಜೀನಾಮೆ ಬರೆದುಕೊಡು, ಪಿಎಫ್ ಬೇಗ ಬರುತ್ತದೆ.

ಪಿಎಫ್ ಗಿರೀಶ
ಬರೆದುಕೊಡಬೇಡಿ ಅಂತ ಈಗಲೇ ಫೋನ್ ಮಾಡಿ ಅಕ್ಕ. ತಾನೇ ಬಿಟ್ಟಳು ಅಂತಾದರೆ, ಕಂಪನಿಯೇ ತೆಗೆದಾಗ ವರ್ಷಕ್ಕೆ 15 ದಿನದ ಸಂಬಳದಂತೆ ಬರಬೇಕಾದ ಪರಿಹಾರ ಹೋಯಿತು. ಅಟಲ್ ಬೀಮಿತ್ ಅರ್ಜಿಗೂ ತಕರಾರು ಬರುತ್ತದೆ. ಐದು ವರ್ಷ ತುಂಬದಿದ್ದರೆ ಗ್ರಾಚುಟಿಯೂ ಇಲ್ಲ.

ಸಣ್ಣ ಯೂನಿಟ್
ಈ ರಾಜೀನಾಮೆ ಆಟ ನಾನೂ ಒಪ್ಪಲ್ಲ. ಕೆಲಸ ಗೊತ್ತಿರೋರನ್ನು ಕಳೆದುಕೊಂಡರೆ ಆರ್ಡರ್ ಬಂದ ದಿನ ನಾವೇ ಬಾಯಿ ಬಡಿದುಕೊಳ್ಳಬೇಕು. ಆಧಾರ್‌ನಲ್ಲೊಂದು ಹೆಸರು, ಪಿಎಫ್‌ನಲ್ಲೊಂದು ಹೆಸರು ಇದ್ದರೆ ಕಂಪನಿ ಸಹಿ ಬೇಕಾಗುತ್ತದೆ. ನಮ್ಮಲ್ಲಿ ಕೆಲಸ ಮಾಡಿದವರನ್ನು ಕಳಿಸಿ, ಹಾಕಿಕೊಡುತ್ತೇನೆ.

ಮಂಡ್ಯ ಮೇಷ್ಟ್ರು
ಹಳೇ 417 ಕೂಡ ಅದೇ ಟೇಬಲ್ಲಿನಲ್ಲಿ ಕೊಡಿ ಸ್ವಾಮಿ.

ನಾಯಂಡಹಳ್ಳಿ ಗೆಳೆಯ
ಸರಿ. ಹಾಸ್ಟೆಲ್ ಹುಡುಗಿಯರಿಗೆ ಕಿಟ್, ಕರೆ ಬರದ ಮನೆಗಳಿಗೆ ಬಾಡಿಗೆ ದುಡ್ಡು ನೇರ ಅಕೌಂಟಿಗೆ. ಸಂಖ್ಯೆ ಕಡಿಮೆಯಾದರೂ ಪರವಾಗಿಲ್ಲ, ನೂರು ರೂಪಾಯಿಯಂತೆ ಹಂಚುವುದಿಲ್ಲ. ಭಾನುವಾರ ನಮ್ಮ ಗ್ಯಾರೇಜಿನಲ್ಲಿ ಲ್ಯಾಪ್‌ಟಾಪ್, ಸ್ಕ್ಯಾನರ್ ಇಡುತ್ತೇವೆ. ಗಿರೀಶ್ ಬರುತ್ತೀರಾ?

ಪಿಎಫ್ ಗಿರೀಶ
ಬರುತ್ತೇನೆ. ಆಧಾರ್, ಪಾಸ್‌ಬುಕ್, ಇಎಸ್‌ಐ ಕಾರ್ಡ್ ತರಲು ಹೇಳಿ. ಆಧಾರ್‌ಗೆ ಕೊಟ್ಟಿರುವ ಫೋನ್ ಕೈಯಲ್ಲೇ ಇರಬೇಕು, ಇಲ್ಲಾಂದ್ರೆ ಒಟಿಪಿ ಬರಲ್ಲ. ಮದುವೆಗೆ ಮುಂಚೆ ಅಪ್ಪನ ಹೆಸರಿಗೆ ನಾಮಿನಿ ಮಾಡಿಸಿದವರಿದ್ದರೆ ಅದು ಈಗ ನಡೆಯಲ್ಲ, ಅವತ್ತೇ ಬದಲಾಯಿಸಿಬಿಡೋಣ.

ಸವಿತಾ, ಪೀಣ್ಯ
ಭಾನುವಾರ ಹಗಲು ಬೇಡ ಸರ್. ಕರೆ ಬಂದವರಿಗೆ ಟಾರ್ಗೆಟ್ ಜಾಸ್ತಿ ಮಾಡಿದ್ದಾರೆ, ಭಾನುವಾರವೂ ಡ್ಯೂಟಿ ಅಂತೆ. ಸಂಜೆ ಏಳರ ಮೇಲೆ ಇಡಿ. ಬಸ್ಸಿಲ್ಲ, ನಡೆದು ಬರೋಕೆ ಹೊತ್ತಾಗುತ್ತದೆ.